ನೀರಿನಲ್ಲಿ ಲಗಾಮು ಎಳೆಯಬಾರದು

ಕಂಟೋನ್ಮೆಂಟಿನಲ್ಲಿ ಬ್ರಿಟಿಷರ ಕಾಲದ ಕುದುರೆ ಸವಾರನನ್ನು ಕಂಡೆ ಎಂದು ಯಾರಾದರೂ ನನ್ನ ಪೇಜಿನಲ್ಲಿ ಕಾಮೆಂಟ್ ಹಾಕಿದರೆ, "ಎಷ್ಟು ಹಾಕಿದ್ದೆ ಗುರು?" ಎಂದು ಉತ್ತರ ಬರೆಯುತ್ತಿದ್ದವನು ನಾನು. ಇಲ್ಲಿದ್ದ ಒಂದು ಕುದುರೆ ಪಡೆಯ ಇತಿಹಾಸವನ್ನು ಕಂತು ಕಂತಾಗಿ ಬರೆಯುತ್ತಿದ್ದೆ. ದೆವ್ವಗಳಿಗೆ ಅಲ್ಲಿ ಜಾಗವಿರಲಿಲ್ಲ. ಈಗ ನಾನೇ ಬರೆಯುತ್ತಿದ್ದೇನೆ, ನಗುವವರು ನಕ್ಕುಬಿಡಿ.

ಕೆಲವು ವರ್ಷಗಳ ಹಿಂದಿನ ಮಾತು. ಪುಸ್ತಕಗಳಲ್ಲಿ ಸಾಹೇಬರ ಹೆಸರುಗಳಿದ್ದವು, ಸವಾರರದ್ದು ಇರಲಿಲ್ಲ. ಅದಕ್ಕೆ ಹೆಂಡತಿ ಸುಜಾತಾಳ ಜೊತೆ ಶಿವಾಜಿನಗರಕ್ಕೆ ಹೋಗಿದ್ದೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಒಬ್ಬ ವೃದ್ಧರಿದ್ದರು; ಅವರ ಅಜ್ಜ ಆ ಪಡೆಯ ಸವಾರ. ಪಡೆ ಹೊಳೆ ದಾಟುತ್ತಿದ್ದ ಕ್ರಮವನ್ನು ಅವರು ಹೇಳಿದರು. ನೀರು ಆಳವಾದ ಕೂಡಲೇ ಸವಾರ ಬೆನ್ನಿನಿಂದ ಜಾರಿ, ಕುದುರೆಯ ಕುತ್ತಿಗೆಯ ಕೂದಲು ಹಿಡಿದು ತೇಲಬೇಕು. ಲಗಾಮು ಎಳೆಯಲೇಬಾರದು. ಎಳೆದರೆ ಕುದುರೆಯ ತಲೆ ಮುಳುಗುತ್ತದೆ. ಆದರೆ ಹೆದರಿದವನ ಕೈ ಮೊದಲು ಹೋಗುವುದು ಲಗಾಮಿಗೇ ಎಂದರು. ನಾನು ಬರೆದುಕೊಂಡೆ.

ಸ್ಕೂಟರಿನಲ್ಲಿ ವಾಪಸ್ ಹೊರಟಾಗ ಮಳೆ. ಮಹದೇವಪುರ ತಲುಪುವಷ್ಟರಲ್ಲಿ ಸಂಜೆ ಆರೂವರೆ. ರಸ್ತೆ ಯಾವುದು, ರಾಜಕಾಲುವೆ ಯಾವುದು ತಿಳಿಯುತ್ತಿರಲಿಲ್ಲ. ಸುಜಾತಾ ರಾಯಚೂರಿನವಳು, ಈಜು ಬಾರದು. "ಇಲ್ಲೇ ನಿಲ್ಲೂಣ್ರಿ" ಎಂದು ಎರಡು ಸಲ ಹೇಳಿದಳು. ನಾನು ಸ್ಕೂಟರನ್ನು ನೀರಿಗೆ ಬಿಟ್ಟೆ. ಇಬ್ಬರೂ ಕಾಲುವೆಗೆ ಬಿದ್ದೆವು.

ಕಾಲಿಗೆ ನೆಲ ಸಿಗಲಿಲ್ಲ. ಅವಳನ್ನು ಕೂಗಲು ಬಾಯಿ ತೆರೆದರೆ ಕೊಳಚೆ ನುಗ್ಗುತ್ತಿತ್ತು. ಆಗ ಪಕ್ಕದಲ್ಲಿ ಕುದುರೆ ಇತ್ತು. ಬಂದದ್ದು ನೋಡಲಿಲ್ಲ, ಇತ್ತು. ಅದರ ಬಿಸಿ ಉಸಿರು ಮುಖಕ್ಕೆ ಬಡಿಯಿತು. ಕೈಗೆ ಲಗಾಮು ಸಿಕ್ಕಿತು. ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದೆ. ಕುದುರೆಯ ತಲೆ ಮುಳುಗಿತು. ಮತ್ತೆ ಎಳೆದೆ. ಕಿವಿಯ ಹತ್ತಿರ ಒಂದು ಗಂಡಸಿನ ದನಿ, ಕೂಗದೆ, ಉರ್ದುವಿನಲ್ಲಿ ಹೇಳಿತು: "ಲಗಾಮ್ ಛೋಡ್. ಮರ್ ಜಾತಾ."

ಲಗಾಮು ಬಿಡು, ಸಾಯುತ್ತೆ ಎಂದಿತು. ಬಿಟ್ಟೆ.

ಆಮೇಲೆ ನೆನಪಿರುವುದು, ದಡದ ಕಬ್ಬಿಣದ ಕಂಬಿಗೆ ಜೋತುಬಿದ್ದದ್ದು. ಸ್ವಲ್ಪ ಮುಂದೆ ಸುಜಾತಾಳನ್ನು ಜನ ಮೇಲಕ್ಕೆ ಎತ್ತುತ್ತಿದ್ದರು. ಕುದುರೆಯನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ.

ಮೂರು ದಿನ ಬಿಟ್ಟು ಅವಳಿಗೆ ಎಲ್ಲವನ್ನೂ ಹೇಳಿದೆ.

"ಕುದುರಿ ಎಲ್ಲಿತ್ರೀ? ನಿಮ್ಮ ಕೈಯಾಗ ಇದ್ದದ್ದು ನನ್ನ ಕೊಳ್ಳಾಗಿನ ವೇಲ್. ನೀವು ಜಗ್ಗಿದಂಗೆಲ್ಲಾ ನಾ ಮುಣಗತಿದ್ದೆ."

ಬಿಟ್ಟದ್ದರಿಂದಲೇ ಅಲ್ಲವೇ ಉಳಿದದ್ದು, ಯಾರೋ ಹೇಳಿದರು, ಅದಕ್ಕೇ ಬಿಟ್ಟೆ ಎಂದೆ.

"ಯಾರೂ ಏನೂ ಅಂದಿಲ್ಲ. ನೀವು ಬಿಟ್ರಿ, ಅದಕ್ಕೇ ನಾ ಉಳದೆ. ಆದ್ರ ನೀವು ನನ್ನ ಬಿಟ್ರಿ."

ಆ ದನಿ ಯಾರದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದು ಇರಲಿಲ್ಲ ಎಂದಾದರೆ, ಆ ನೀರಿನಲ್ಲಿ ನಾನು ಸುಮ್ಮನೆ ಹೆಂಡತಿಯನ್ನು ಬಿಟ್ಟೆ ಎಂದಾಗುತ್ತದೆ. ಇದ್ದೇ ಇತ್ತು ಎಂದು ಅವಳಿಗೆ ತೋರಿಸಲು ನನ್ನ ಬಳಿ ಏನೂ ಇಲ್ಲ. ಈಗ ಸ್ಕೂಟರಿನಲ್ಲಿ ಕೂತರೆ ಸುಜಾತಾ ಹಿಂದಿನ ಕಂಬಿ ಹಿಡಿದುಕೊಳ್ಳುತ್ತಾಳೆ. ನನ್ನನ್ನು ಹಿಡಿಯುವುದಿಲ್ಲ.