ಜೋಳಿಗೆ ಹಿಡಿದ ಮಹಾದೇವಕ್ಕ

ಕಲಘಟಗಿಯ ಮಹಾದೇವಕ್ಕನ ಬಾಯಿಗೆ ಊರೇ ಅಂಜುತ್ತಿತ್ತು. ಜಂಗಮ ಅಯ್ಯನೋರ ಮನೆಯ ವಿಧವೆ, ಐವತ್ತು ದಾಟಿದ ಹೆಂಗಸು, ಹೊಟ್ಟೆಪಾಡಿಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಿದ್ದದ್ದಾದರೂ ಎಲ್ಲಿ? ಕಾಲೇಜಿನ ಬಡ ಮಕ್ಕಳಿಗೆಂದು ಶಂಭುಲಿಂಗಪ್ಪ ಸಾವಕಾರ ತೆರೆದಿದ್ದ ಪುಕ್ಕಟೆ ಊಟದ ಮನೆಯಲ್ಲಿ. ಬಾಗಿಲ ಮೇಲೆ ‘ದಾಸೋಹ’ ಎಂದು ಹಲಗೆ ಬೇರೆ. ಒಳಗೆ ಉಣ್ಣುತ್ತಿದ್ದವರು ಯಾರು ಅಂತೀರಿ? ಸಾವಕಾರನ ಬೀಗರ ಮಕ್ಕಳು, ನಾಲ್ಕೆತ್ತಿನ ಕಮತದವರ ಮಕ್ಕಳು. ಜೋಳ ತುಟ್ಟಿಯಾಗಿ ಜನ ಬಾಯಿ ಬಾಯಿ ಬಿಡುತ್ತಿದ್ದ ಎಪ್ಪತ್ಮೂರರ ಬರದಲ್ಲಿ ಇವರು ಅರ್ಧ ರೊಟ್ಟಿ ತಿಂದು ಅರ್ಧ ಬಿಟ್ಟೇಳುತ್ತಿದ್ದರು. ಹೊಟ್ಟೆ ತುಂಬಿದವರಿಗೆ ಹುಗ್ಗಿ ಮುಳ್ಳು.

ಸರಿಯಾಗಿ ಆ ಊಟದ ಹೊತ್ತಿಗೇ ಎದುರಿನ ಬೀದಿ ನಳಕ್ಕೆ ಒಬ್ಬ ಹುಡುಗಿ ಬರುತ್ತಿದ್ದಳು. ಬೊಗಸೆ ಬೊಗಸೆ ನೀರು ಕುಡಿದು ಹೋಗುತ್ತಿದ್ದಳು. ಮಹಾದೇವಕ್ಕ ಕರೆದು ಕೇಳಿದಳು. ದೇವಿಕೊಪ್ಪದ ಹರಿಜನಕೇರಿಯ ಮರೆವ್ವನ ಮಗಳು ಸಣ್ಣವ್ವ. ಬೆಳಿಗ್ಗೆ ಕಾಲೇಜಿಗೆ ನಡೆದು ಬರುತ್ತಾಳೆ, ಸಂಜೆ ನಡೆದು ಹೋಗುತ್ತಾಳೆ, ನಡುವೆ ಬರೀ ನೀರು. ತಲೆ ತಿರುಗಿ ಕ್ಲಾಸಿನಲ್ಲೇ ಬಿದ್ದಿದ್ದಾಳೆ. ಇನ್ನು ಕಾಲೇಜು ಬಿಟ್ಟು ಅವ್ವನ ಜೋಡಿ ಕೂಲಿಗೆ ಹೋಗುವುದೆಂದು ಮನೆಯಲ್ಲಿ ಮಾತಾಗಿತ್ತು.

ಈ ಹುಡುಗಿಗೂ ಒಂದು ತಾಟು ಇಡೋಣವೆಂದು ಮಹಾದೇವಕ್ಕ ಸಾವಕಾರನನ್ನು ಕೇಳಿದಳು. “ಇವತ್ತ ಈಕಿ, ನಾಳೆ ಇಡೀ ಕೇರಿ. ಸುಮ್ಮನ ರೊಟ್ಟಿ ಬಡೀರಿ ಅಮ್ಮಾರ,” ಅಂದ ಅವನು. ದಾಸೋಹವಂತೆ, ದಾಸೋಹ! ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಮಹಾದೇವಕ್ಕ ಹಿಟ್ಟಿನ ಕೈ ತೊಳೆದು ಹೊರಬಿದ್ದಳು. ಗಂಡ ಬದುಕಿದ್ದಾಗ ಕಾವಿ ಜೋಳಿಗೆ ಹಿಡಿದು ಮನೆಮನೆಗೆ ಕಂತಿಭಿಕ್ಷೆಗೆ ಹೋಗುತ್ತಿದ್ದ. ಅಯ್ಯನೋರ ಜೋಳಿಗೆಗೆ ಇಲ್ಲವೆನ್ನುವ ಮನೆ ಊರಲ್ಲಿರಲಿಲ್ಲ. ಒಮ್ಮೆ ಅದರೊಳಗೆ ಬಿದ್ದ ರೊಟ್ಟಿ ಯಾರ ಮನೆಯದೆಂದು ಕೇಳುವ ರೂಢಿಯೂ ಇರಲಿಲ್ಲ. ಆ ಜೋಳಿಗೆಯನ್ನು ಈಗ ಈಕೆ ಹೆಗಲಿಗೇರಿಸಿದಳು. ಹೆಂಗಸು ಜೋಳಿಗೆ ಹಿಡಿಯುವುದೇ ಎಂದು ಊರು ಮೂಗುಮುರಿಯಿತು, ಆದರೆ ಬಾಗಿಲು ಹಾಕಲಿಲ್ಲ. ಸಾವಕಾರನ ಮನೆಯಿಂದಲೂ ಜೋಳಿಗೆಗೆ ರೊಟ್ಟಿ ಬಿತ್ತು. ಮಧ್ಯಾಹ್ನ ಅಯ್ಯನೋರ ಮನೆಯ ಕಟ್ಟೆಯ ಮೇಲೆ ಸಣ್ಣವ್ವ, ಜೊತೆಗೆ ಇನ್ನೂ ನಾಲ್ಕಾರು ಬಡ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಂಡರು. ಕೂಲಿಯ ಮಾತು ನಿಂತಿತು.

ಸುದ್ದಿ ಕೇಳಿ ಸಾವಕಾರ ಬಂದ. ತನ್ನ ಮನೆಯ ರೊಟ್ಟಿ ಕಂಡಕಂಡವರ ಬಾಯಿಗೆ ಹೋಗಕೂಡದೆಂದು ಉಣ್ಣುವವರ ಎದುರಿಗೇ ಅಂದ, ನಾಚಿಕೆಗೇಡಿ. ಸಣ್ಣವ್ವನ ಕೈಯಲ್ಲಿನ ತುತ್ತು ಹಾಗೇ ನಿಂತಿತು.

“ನಿಮ್ಮ ಮನಿ ರೊಟ್ಟಿ ಯಾವುದು, ಹುಡುಕಿ ತಗೊಂಡು ನಡೀರಿ,” ಎಂದು ಮಹಾದೇವಕ್ಕ ಜೋಳಿಗೆಯನ್ನು ಅವನ ಮುಂದಿಟ್ಟಳು.

ಸಿಟ್ಟಿನ ಭರದಲ್ಲಿ ಅವನು ಕೈ ಹಾಕಿ ಎರಡು ರೊಟ್ಟಿ ತೆಗೆದೇಬಿಟ್ಟ. ನೀಡಿದ ಭಿಕ್ಷೆಯನ್ನು ಜೋಳಿಗೆಯಿಂದ ತಿರುಗಿ ತೆಗೆಯುವುದೆಂದರೆ, ಆ ಸೀಮೆಯಲ್ಲಿ ಕಳ್ಳನೂ ಮಾಡದ ಕೆಲಸ.

ಮರುದಿನದಿಂದ ಜೋಳಿಗೆ ಅವನ ಬಾಗಿಲಲ್ಲಿ ನಿಲ್ಲಲಿಲ್ಲ. ಅವನ ಹೆಂಡತಿ ನೀಲಕ್ಕ ಬಿಸಿ ರೊಟ್ಟಿ ಹಿಡಿದು ಹೊಸ್ತಿಲಲ್ಲಿ ನಿಂತೇ ಇದ್ದಳು. ಮಹಾದೇವಕ್ಕ ಬಾಜೂ ಮನೆಗೆ ಹೋದಳು. ಓಣಿಯೆಲ್ಲ ನೋಡಿತು. ಜೋಳಿಗೆ ದಾಟಿಹೋದ ಮನೆಗೆ ಹೆಣ್ಣು ಕೊಡುವವರು ಯಾರು, ಅಲ್ಲಿಂದ ತರುವವರು ಯಾರು? ವಾರ ಕಳೆಯುವುದರೊಳಗೆ ನೀಲಕ್ಕ ತಾನೇ ರೊಟ್ಟಿಯ ಬುಟ್ಟಿ ಹಿಡಿದು ಕಟ್ಟೆಗೆ ಬಂದಳು. ಜೋಳಿಗೆಗೆ ಹಾಕಲು ಕೈ ಚಾಚಿದಳು.

“ಇದಕ್ಕ ಬ್ಯಾಡ. ಆ ಹುಡುಗಿ ತಾಟಿಗೆ ನೀಡ್ರಿ,” ಅಂದಳು ಮಹಾದೇವಕ್ಕ.

ನೀಲಕ್ಕನ ಮುಖ ಕಪ್ಪಿಟ್ಟಿತು. ಅತ್ತಿತ್ತ ನೋಡಿದಳು. ಕಡೆಗೆ ಎಲ್ಲಿ ಮೈಲಿಗೆ ತಗಲೀತೋ ಎಂದು ಮೇಲಿಂದಲೇ ಒಂದು ರೊಟ್ಟಿ ಬಿಟ್ಟಳು. ಸಣ್ಣವ್ವ ಅದನ್ನು ಮುಟ್ಟಲಿಲ್ಲ. ತಾಟು ಎತ್ತಿ ನೀಲಕ್ಕನ ಕೈಗೆ ತಾಗುವಷ್ಟು ಹತ್ತಿರ ಹಿಡಿದಳು.

“ಇನ್ನೊಂದು ನೀಡ್ರಿ ಯವ್ವಾ. ನಾಳೆ ಪರೀಕ್ಷಾ ಐತಿ.”

ನೀಡದೆ ಏನು ಮಾಡುತ್ತಾಳೆ? ತಾಟಿನೊಳಗೇ ಕೈಯಿಟ್ಟು ನೀಡಿದಳು.