ಓಲಗದ ಯೋಗರಾಜನ ಬಾಯಿ

ಭದ್ರಾವತಿಯ ಹೊಸಮನೆಯಲ್ಲಿ ಓಲಗದ ಯೋಗರಾಜ ಎಂದರೆ ಗೊತ್ತಿಲ್ಲದವರು ಕಡಿಮೆ. ಅಪ್ಪ ರಾಮಯ್ಯ ನಾಗಸ್ವರ ಊದುತ್ತಿದ್ದ, ಮಗನೂ ಅದನ್ನೇ ಹಿಡಿದ. ತಮ್ಮ ರುದ್ರೇಶ್ ಡೋಲಿಗೆ ಕೂತ. ಮುಹೂರ್ತದ ಹೊತ್ತಿಗೆ ಯೋಗರಾಜ ಉಸಿರು ಕಟ್ಟಿ ಸ್ವರ ಹಿಡಿದನೆಂದರೆ ಅಡುಗೆಯವರೂ ಸೌಟು ಕೆಳಗಿಟ್ಟು ಬಾಗಿಲಿಗೆ ಬರುತ್ತಿದ್ದರು.

ಒಸಡಿನಲ್ಲಿ ರಕ್ತ ಕಾಣಿಸಿಕೊಂಡು ವರ್ಷಗಳೇ ಆಗಿದ್ದವು. ನೋವಿಲ್ಲದ ಕಾಯಿಲೆಗೆ ಯಾರು ಹೆದರುತ್ತಾರೆ? ಲವಂಗ ಒತ್ತಿಕೊಂಡ, ಉಪ್ಪುನೀರು ಮುಕ್ಕಳಿಸಿದ. ಎಲೆಯಡಿಕೆ, ಹೊಗೆಸೊಪ್ಪು ಮಾತ್ರ ಬಿಡಲಿಲ್ಲ. ತಾನು ಮಾತಾಡುವಾಗ ಬಾಯಿಯ ವಾಸನೆಗೆ ಹೆಂಡತಿ ಹೇಮಶ್ರೀ ಮುಖ ಆಚೆ ತಿರುಗಿಸುವುದನ್ನು ಕಂಡೂ ಕಾಣದಂತಿದ್ದ. ಮುಂದಿನ ಹಲ್ಲುಗಳು ಅಲುಗಾಡತೊಡಗಿದಾಗ ತುಟಿಯನ್ನು ಇನ್ನಷ್ಟು ಬಿಗಿದು ಊದಿದ.

ಗಾಜನೂರಿನ ಒಂದು ಮದುವೆಯಲ್ಲಿ ಆ ಬಿಗಿಯೂ ಸಾಲಲಿಲ್ಲ. "ಗಟ್ಟಿಮೇಳ" ಎಂದು ಪುರೋಹಿತರು ಕೈಯೆತ್ತಿದರು. ಯೋಗರಾಜ ಎದೆ ತುಂಬ ಉಸಿರೆಳೆದು ಊದಿದ. ನಾಗಸ್ವರದ ತುದಿಯ ಪೀಪಿ ತುಟಿಯನ್ನು ಒತ್ತುತ್ತಲೇ ಹಲ್ಲೊಂದು ಬುಡಸಮೇತ ಒಳಕ್ಕೆ ವಾಲಿತು. ಬಾಯಿ ತುಂಬ ರಕ್ತ. ಸ್ವರ ಒಡೆದು ಬರೀ ಗಾಳಿಯಾಯಿತು. ಡೋಲೊಂದೇ ಬಡಿದುಕೊಳ್ಳುತ್ತಿರಲು ತಾಳಿ ಕಟ್ಟಿದ್ದಾಯಿತು. "ಎಂಥಾ ಅಪಶಕುನ" ಎಂದು ಹೆಣ್ಣಿನ ಅಜ್ಜಿ ಗೊಣಗಿದ್ದು ಅವನ ಕಿವಿಗೂ ಬಿತ್ತು.

ರುದ್ರೇಶ್ ಅವನನ್ನು ಶಿವಮೊಗ್ಗದ ದಂತ ಕಾಲೇಜಿಗೆ ಎಳೆದುಕೊಂಡು ಹೋದ. ಅಲ್ಲಿ ಒಸಡಿನ ರೋಗದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಸುಪ್ರಿಯಾ ಕೈಗೊಂದು ಟ್ಯೂಬು ಕೊಟ್ಟಳು.

"ಉಗೀಬೇಡಿ. ತಲೆ ಬಗ್ಗಿಸಿ ಕೂತ್ಕೊಳ್ಳಿ, ಜೊಲ್ಲು ತಾನಾಗೇ ಇಳೀಲಿ."

ಮಗುವಿನ ಹಾಗೆ ಜೊಲ್ಲು ಸುರಿಸಿಕೊಂಡು ಕೂರಲು ಅವನಿಗೆ ನಾಚಿಕೆಯಾಯಿತು. "ಇದ್ರಲ್ಲಿ ಏನ್ ಸಿಗುತ್ತೆ ಮೇಡಂ?"

"ಒಸಡಲ್ಲಿ ಕ್ರಿಮಿ ಸೇರಿದ್ರೆ ಅದನ್ನ ಹೊಡೆಯೋಕೆ ಮೈಯೇ ರಕ್ತದಿಂದ ಕಣಗಳನ್ನ ಕಳಿಸುತ್ತೆ. ಆ ಹೋರಾಟ ಎಷ್ಟು ಜೋರಾಗಿದೆ ಅಂತ ಜೊಲ್ಲಲ್ಲಿ ಗೊತ್ತಾಗುತ್ತೆ. ಅದು ನಿಲ್ಲದೇ ಹೋದ್ರೆ ಹಲ್ಲು ಹಿಡ್ಕೊಂಡಿರೋ ಮೂಳೆನೇ ಕರಗುತ್ತೆ."

"ಅಂದ್ರೆ ನನ್ನ ಮೈಯೇ ನನ್ನ ಮೂಳೆ ತಿಂತಿದೆಯಾ?"

ಸುಪ್ರಿಯಾ ಟ್ಯೂಬಿನ ಮೇಲೆ ಅವನ ಹೆಸರು ಬರೆದಳು. "ಒಂದು ರೀತೀಲಿ ಹಾಗೇ" ಎಂದಳು.

ಜೊಲ್ಲಿನ ತುಂಬ ಆ ಹೋರಾಟದ ಗುರುತುಗಳೇ ಇದ್ದವು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯೂ ಸಿಕ್ಕಿತು. ಯೋಗರಾಜ ಹೊಗೆಸೊಪ್ಪು ಬಿಟ್ಟ, ಮಾತ್ರೆ ನುಂಗಿದ, ಒಸಡಿನ ಒಳಗಿನ ಕೊಳೆಯನ್ನು ಕೆರೆದು ತೆಗೆಯುವಾಗ ಕುರ್ಚಿಯ ಕೈ ಹಿಡಿದು ಸಹಿಸಿದ. ಕೆಲವು ತಿಂಗಳ ಮೇಲೆ ಮತ್ತೆ ಜೊಲ್ಲು ಪರೀಕ್ಷಿಸಿದ ಸುಪ್ರಿಯಾಳ ಮುಖ ಅರಳಿತು. "ಉರಿಯೂತ ಚೆನ್ನಾಗಿ ಇಳಿದಿದೆ."

"ಹಾಗಾದ್ರೆ ಯಾವಾಗಿಂದ ಊದಬಹುದು?"

ಅವಳು ಎಕ್ಸ್‌ರೇಯನ್ನು ಅವನ ಕಡೆ ತಿರುಗಿಸಿದಳು. "ಇಷ್ಟು ಕರಗಿದ್ಮೇಲೆ ಮೂಳೆ ವಾಪಸ್ ಬರಲ್ಲ. ಮುಂದಿನ ಹಲ್ಲು ತೆಗೀಲೇಬೇಕು."

ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಮೆತ್ತನೆಯ ಅನ್ನಕ್ಕೆ ಸಾಕಿತ್ತು, ಓಲಗಕ್ಕೆ ಸಾಲಲಿಲ್ಲ. ಉಸಿರಿನ ಒತ್ತಡ ಬಿದ್ದೊಡನೆ ಕಳಚಿ ನಾಲಿಗೆಯ ಮೇಲೆ ಬೀಳುತ್ತಿತ್ತು. ತೆಗೆದಿಟ್ಟು ಊದಿದರೆ ತುಟಿಗೆ ಆಸರೆಯಿಲ್ಲ. ಹೇಮಶ್ರೀ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಬಂದು, "ಸಾಕು ಬಿಡ್ರಿ, ಕೇಳೋಕಾಗಲ್ಲ" ಎಂದು ಅತ್ತಳು.

ವಿದ್ಯಾನಗರದ ಮದುವೆಯೊಂದನ್ನು ಒಪ್ಪಿಕೊಂಡಿದ್ದ ರುದ್ರೇಶ್ ನೆಲ ನೋಡುತ್ತ ಹೇಳಿದ: "ಅಣ್ಣ, ಊದೋಕೆ ಚನ್ನಗಿರಿಯ ಆನಂದನ್ನ ಕರ್ದಿದೀನಿ. ನೀನು ತಾಳ ಹಾಕು."

"ಆಯ್ತು, ಹಾಕ್ತೀನಿ" ಎಂದ ಯೋಗರಾಜ.

ಆನಂದ ಚೆನ್ನಾಗಿಯೇ ಊದಿದ. ಎಲ್ಲಿಯೂ ತಪ್ಪಲಿಲ್ಲ. ತಪ್ಪಲಿ ಎಂದು ತಾನು ಕಾಯುತ್ತಿದ್ದುದು ಯೋಗರಾಜನಿಗೆ ಅರಿವಾದದ್ದು ತಾಳಿ ಕಟ್ಟಿ ಮುಗಿದ ಮೇಲೆ. ಗುರುತಿನವರೊಬ್ಬರು ಬಂದು, "ಏನ್ ಮಾರಾಯ, ಇವತ್ತು ನೀನ್ ಊದ್ಲಿಲ್ಲ?" ಎಂದರು. ಅವನು ಬಾಯಿಗೆ ಕೈ ಅಡ್ಡ ಹಿಡಿದು, "ಉಸಿರು ಸಾಲಲ್ಲ" ಎಂದ.

ಕೊನೆಯ ಪಂಕ್ತಿಯ ತುದಿಯಲ್ಲಿ ಕೂತು, ತರಕಾರಿ ಹೋಳುಗಳನ್ನೆಲ್ಲ ಎಲೆಯ ಪಕ್ಕಕ್ಕೆ ಸರಿಸಿ, ಅನ್ನವನ್ನು ನುಣ್ಣಗೆ ಕಲಸಿ ನುಂಗಿದ.