ನೀರಿನ ಹಿಂದೆ ಹೋಗುವ ಗೂಟಗಳು

ಬೆಳಗಿನ ಆರು ಗಂಟೆ. ಕೊಂಡ್ಲಹಳ್ಳಿ ದಾರಿಯಿಂದ ಒಳಗಿರುವ ಸರ್ಕಾರಿ ಕೆರೆಯ ಅಂಚಿನಲ್ಲಿ ಹೊನ್ನಕ್ಕ ಬಗ್ಗಿ ನೆಲಕ್ಕೆ ಕೋಲೂರುತ್ತಾರೆ. ಕೋಲು ಇಳಿದರೆ ಅಲ್ಲಿ ಕೆಸರು. ನೀರಿಗೆ ಬಂದ ಕುರಿ ಹೂತುಹೋಗುತ್ತದೆ. ಕೋಲು ಇಳಿಯದಿದ್ದರೆ ಗಟ್ಟಿ ನೆಲ. ಅದರ ಎರಡೂ ಬದಿಗೆ ಗೂಟ ಹೊಡೆದು ಕುರಿಗಳಿಗೆ ನೀರಿನವರೆಗೆ ದಾರಿ ಮಾಡುತ್ತಾರೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆಲ್ಲ ಗೂಟಗಳನ್ನೂ ಕಿತ್ತು ಸರಿಸಬೇಕು.

ಒಂದು ಕಡೆ ಗೂಟದ ಸಾಲು ಸೊಟ್ಟಗೆ ತಿರುಗಿದೆ. ಹತ್ತಿರ ಹೋದರೆ ಹರಳುಗಲ್ಲುಗಳ ನಡುವೆ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆ. "ಅದೂ ಬಾಣಂತಿ ಅಲ್ವೇನ್ರಮ್ಮ? ಕುರಿ ನಾಕ್ ಹೆಜ್ಜೆ ಸುತ್ತಿ ಹೋದ್ರೆ ಏನಾಗ್ತೈತೆ?" ಎಂದು ಹೊನ್ನಕ್ಕ ನನ್ನನ್ನೇ ಕೇಳುತ್ತಾರೆ.

ಐವತ್ತೆಂಟರ ಹೊನ್ನಕ್ಕ ಕೂಲಿ ಮಾಡಿಕೊಂಡಿದ್ದವರು. ಹನ್ನೆರಡು ವರ್ಷದ ಹಿಂದೆ ಎರಡು ಕುರಿ ಕೆಸರಲ್ಲಿ ಸಿಕ್ಕಿ ಕಣ್ಣೆದುರೇ ಸತ್ತ ಮೇಲೆ ಈ ಕೆಲಸ ಹಿಡಿದರು. ಈಗ ನಲವತ್ತೆರಡು ಗೂಟ, ಹನ್ನೊಂದು ಮಂದೆ, ಸಾವಿರದ ಮುನ್ನೂರು ಕುರಿ. ಸುಗ್ಗಿಯಲ್ಲಿ ಮಂದೆಯವರು ಮೊರದಷ್ಟು ಶೇಂಗಾ ಕೊಡುತ್ತಾರೆ. ಬಟ್ಟೆ ಒಗೆಯುವ ಕಲ್ಲುಗಳ ಕಡೆ ಯಾರ ಕುರಿಯನ್ನೂ ಹೊನ್ನಕ್ಕ ಬಿಡುವುದಿಲ್ಲ.

ಹೋದ ಬೇಸಿಗೆ ಇದೇ ಗೂಟಗಳಿಂದ ಎಡವಟ್ಟಾಯಿತು. ಕೆರೆದಂಡೆಗೆ ಉದ್ಯಾನ, ಅಂಗಡಿ, ಸುತ್ತ ತಂತಿಬೇಲಿ ಮಾಡುವ ಯೋಜನೆಗೆ ಹೊರಗಿನಿಂದ ಅಳೆಯುವವರು ಬಂದರು. ಹೊನ್ನಕ್ಕ ಊಟಕ್ಕೆ ಹೋಗಿದ್ದ ಹೊತ್ತು. ಬಂದವರು ಗೂಟಗಳನ್ನೇ ಕೆರೆಯ ಗಡಿ ಎಂದುಕೊಂಡರು! ನಕ್ಷೆಯಲ್ಲಿ ಕೆರೆ ಅರ್ಧವಾಯಿತು. ಕೆರೆ ತುಂಬಿದಾಗ ಮುಳುಗುವ ಜಾಗದಲ್ಲಿ ಅಂಗಡಿಗಳ ಗುರುತು ಬಂತು. ಕುರಿ ಬರುವ ದಾರಿಯ ಗುರುತೇ ಇರಲಿಲ್ಲ.

"ಇನ್ನೊಂದ್ ತಿಂಗ್ಳು ಬಿಟ್ಟು ಅಳೆದಿದ್ರೆ ಕೆರೆ ನಿನ್ನ ಚೊಂಬಿನಾಗೆ ಹಿಡೀತಿತ್ತು ಬಿಡಕ್ಕಾ" ಎಂದು ಕುರಿಗಾರ ದೊಡ್ಡೀರಪ್ಪ ಛೇಡಿಸಿದ. ಹೊನ್ನಕ್ಕನಿಗೆ ಎರಡು ದಿನ ಅನ್ನ ಸೇರಲಿಲ್ಲ. "ಕುರಿ ಉಳೀಲಿ ಅಂತ ಹೊಡೆದ ಗೂಟ, ಕುರಿ ದಾರೀನೇ ಮುಚ್ತಲ್ಲ ಅಂತ ಸಂಕ್ಟ ಆತು."

ಮೂರನೇ ದಿನ ಪಂಚಾಯಿತಿಗೆ ಹೋಗಿ, ಹೊಸದಾಗಿ ಬಂದಿದ್ದ ಇಂಜಿನಿಯರ್ ಸ್ವಪ್ನಳನ್ನು ಕೆರೆಗೆ ಕರೆತಂದರು. ಬಿಸಿಲಿಗೆ ಆ ಹುಡುಗಿಯ ತಲೆಗೆ ತಮ್ಮ ಟವೆಲ್ ಹೊದಿಸಿದರು. ನೀರಿನಿಂದ ಬಹುದೂರ, ಜಾಲಿಮುಳ್ಳುಗಳಲ್ಲಿ ಒಣಗಿದ ಜೊಂಡು ನೇತಾಡುತ್ತಿದ್ದುದನ್ನು ತೋರಿಸಿದರು.

"ಗಾಳಿಗೆ ಬಂದಿರಬಹುದಲ್ವಾ ಅಕ್ಕಾ?"

"ಇದು ಹಾರಿ ಬಂದಿದ್ದಲ್ಲ ತಾಯಿ, ತೇಲಿ ಬಂದಿದ್ದು. ಕೆರೆ ತುಂಬಿ ಕೋಡಿ ಬಿದ್ದ ವರ್ಷ. ಎಲ್ಲಾ ಗಿಡದಾಗೂ ಒಂದೇ ಮಟ್ಟಕ್ಕೈತೆ ನೋಡು."

ಸ್ವಪ್ನ ಆ ಗುರುತು ಹಿಡಿದು ಗಿಡದಿಂದ ಗಿಡಕ್ಕೆ ಕೆಂಪು ಪಟ್ಟಿ ಕಟ್ಟುತ್ತ ನಡೆದಳು. ಛೇಡಿಸಿದ್ದ ದೊಡ್ಡೀರಪ್ಪನೇ ಮಂದೆ ಬಿಟ್ಟು ಬಂದು ಸಂಜೆವರೆಗೆ ಅಳತೆಪಟ್ಟಿಯ ತುದಿ ಹಿಡಿದ.

ನಕ್ಷೆ ತಿದ್ದುಪಡಿಗೆ ವಾಪಸ್ಸಾಗಿದೆ. ಮುಂದಿನ ಗ್ರಾಮಸಭೆಯಲ್ಲಿ ತೀರ್ಮಾನ. ಏನಾಗುವುದೋ ಯಾರಿಗೂ ಗೊತ್ತಿಲ್ಲ.

ಹೊರಡುವ ಮುನ್ನ ಹೊನ್ನಕ್ಕ ನನ್ನ ಕೈ ಹಿಡಿದು ಸ್ವಪ್ನ ಕೆಂಪು ಪಟ್ಟಿ ಕಟ್ಟಿದ್ದ ಮೇಲಿನ ಜಾಲಿಮರದ ಬುಡಕ್ಕೆ ಕರೆದೊಯ್ಯುತ್ತಾರೆ. ಅಲ್ಲೊಂದು ಗೂಟ, ಸುತ್ತ ಬಿಗಿಯಾಗಿ ಕಲ್ಲು.

"ನಲವತ್ತೊಂದನ್ನ ಕಿತ್ತು ಕಿತ್ತು ಹೊಡೀತೀನಿ. ಇದೊಂದನ್ನ ಮಾತ್ರ ಕೀಳಲ್ಲ ಕಣ್ರಮ್ಮ. ನೀರೇ ಬಂದು ಮುಟ್ಲಿ."